ದಪ್ಪ ಹಿಡಿಕೆಯ ಸ್ಕ್ರೂಡ್ರೈವರ್

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರ್ ಮುಚ್ಚಳ ಇಟ್ಟುಕೊಂಡು ಶಶಿರೇಖಾ ಅದರ ಹಿಡಿಕೆಯ ತಿರುಪನ್ನು ಚಾಕುವಿನ ತುದಿಯಿಂದ ಬಿಗಿ ಮಾಡುತ್ತಿದ್ದಳು. ಸದ್ದಾಗದಿರಲಿ ಅಂತ ಮುಚ್ಚಳದ ಕೆಳಗೆ ಹಳೇ ಟವೆಲ್ ಮಡಿಸಿ ಹಾಕಿದ್ದಳು. ತಾಯಿ ಲಕ್ಷ್ಮೀದೇವಮ್ಮ ಅಡುಗೆಮನೆಯಿಂದ ಹೊರಗೆ ಬಂದು, ನೋಡಿ, ನಲ್ಲಿ ತಿರುಗಿಸಿದಳು. ಬಕೆಟ್ಟಿಗೆ ನೀರು ಬೀಳುವ ಸದ್ದಿನಲ್ಲಿ ಚಾಕು ಜಾರುವ ಸದ್ದು ಮುಳುಗಿಹೋಯಿತು. ಹಿಡಿಕೆ ಬಿಗಿಯಾಯಿತು. ಶಶಿರೇಖಾ ಚಾಕುವನ್ನು ವೇಲಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ನಲ್ಲಿ ನಿಂತಿತು.

ಆ ಮನೆಯಲ್ಲಿ ಏನಾದರೂ ಮುರಿದರೆ ಮೊದಲು ಗೋಪಾಲಪ್ಪನಿಗೆ ಹೇಳುತ್ತಿದ್ದರು. ಈಗ ಗೋಪಾಲಪ್ಪನಿಗೆ ಕಾಣದಂತೆ ಬಚ್ಚಿಡುತ್ತಿದ್ದರು.

ಶಶಿರೇಖಾಳ ತಂದೆ ಗೋಪಾಲಪ್ಪ ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಫ್ಯಾನ್ ಜೋಡಿಸುವ ಲೈನಿನಲ್ಲಿ ದುಡಿದವನು. ಹೋದ ವರ್ಷ ಬಲಗೈ ನಡುಗಲು ಶುರುವಾಯಿತು. ಮಾತ್ರೆಯಿಂದ ಕಮ್ಮಿಯಾಗಬಹುದು, ನಿಲ್ಲುವುದಿಲ್ಲ ಅಂದರು ನೆಲಮಂಗಲದ ಡಾಕ್ಟರು. ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಅಂದ ಕಂಟ್ರಾಕ್ಟರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ.

ಮನೆಯಲ್ಲಿ ಕೂತವನಿಗೆ ರಿಪೇರಿಯೇ ಕೆಲಸವಾಯಿತು. ಮಿಕ್ಸಿಯ ತಿರುಪಿನ ತಲೆ ಸವೆದು ಬಿಚ್ಚಲೇ ಬಾರದಂತಾಯಿತು. ಪಕ್ಕದ ಮನೆಯ ಅಪ್ಪಯ್ಯಣ್ಣನ ಕನ್ನಡಕದ ಕಾಲು ಅಂಟಿಸಿಕೊಟ್ಟಾಗ ಅದು ಓರೆಯಾಗಿ ಕೂತುಬಿಟ್ಟಿತು.

"ಗೋಪಾಲಪ್ಪ, ಇದನ್ನ ಹಾಕ್ಕೊಂಡ್ರೆ ಒಂದು ಕಣ್ಣು ತುಮಕೂರು ಕಡೆ, ಇನ್ನೊಂದು ಬೆಂಗಳೂರು ಕಡೆ ನೋಡುತ್ತೆ ಕಣಯ್ಯ," ಅಂತ ಅಪ್ಪಯ್ಯಣ್ಣ ನಕ್ಕಿದ್ದ. ಗೋಪಾಲಪ್ಪನೂ ನಕ್ಕಿದ್ದ. ಆಮೇಲೆ ಅಪ್ಪಯ್ಯಣ್ಣ ಏನನ್ನೂ ತರಲಿಲ್ಲ.

ಐರನ್ ಬಾಕ್ಸಿನ ವಿಷಯಕ್ಕೆ ಮಾತ್ರ ಯಾರೂ ನಗಲಿಲ್ಲ. ಗೋಪಾಲಪ್ಪ ವೈರು ಬದಲಿಸಿದ ಮಾರನೇ ದಿನ ಸೊಸೆ ಸಿಂಧುಗೆ ಅದರಿಂದ ಶಾಕ್ ಹೊಡೆಯಿತು. ಆಗ ಅವಳು ತುಂಬಿದ ಬಸುರಿ. ಏನೂ ಆಗಲಿಲ್ಲ. ಆದರೆ ಹೆರಿಗೆಗೆ ಜಡಿಗೇನಹಳ್ಳಿಯ ತವರಿಗೆ ಹೋಗುವ ತನಕ ಅವಳು ಆ ಮನೆಯ ಒಂದು ಸ್ವಿಚ್ಚನ್ನೂ ಬರಿಗೈಯಲ್ಲಿ ಮುಟ್ಟಲಿಲ್ಲ.

ಈಗ ಐದು ತಿಂಗಳು ತುಂಬಿದ ಮಗುವನ್ನು ಎತ್ತಿಕೊಂಡು ವಾಪಸ್ ಬಂದಿದ್ದಳು. ಅಮಾವಾಸ್ಯೆ ಕಳೆದ ಮೇಲೆ ಒಳ್ಳೇ ದಿನ ನೋಡಿ, ಬೀಗರನ್ನು ಕರೆದು, ಮಗುವನ್ನು ಈ ಮನೆಯ ತೊಟ್ಟಿಲಿಗೆ ಹಾಕಬೇಕು. ಅದು ಗೋಪಾಲಪ್ಪನ ಅಜ್ಜನ ಕಾಲದ ತೊಟ್ಟಿಲು. ಗೋಪಾಲಪ್ಪ ಮಲಗಿದ್ದು ಅದರಲ್ಲೇ, ಮಗ ಕೆಂಪರಾಜು, ಮಗಳು ಶಶಿರೇಖಾ ಮಲಗಿದ್ದೂ ಅದರಲ್ಲೇ. ಈಗ ಅಟ್ಟದ ಮೇಲೆ ಗೋಣಿಚೀಲ ಹೊದ್ದುಕೊಂಡು ಕೂತಿತ್ತು.

"ಹೊಸ ತೊಟ್ಟಿಲು ಸಿಂಧು ಅಪ್ಪನ ಮನೆಯವರೇ ತರ್ತಾರಂತೆ," ಕೆಂಪರಾಜು ಮುದ್ದೆ ಮುರಿಯುತ್ತ ಹೇಳಿದ. ಅವನು ದಾಬಸ್‌ಪೇಟೆಯ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. "ಸ್ಟೀಲಿಂದು. ಸ್ಟ್ಯಾಂಡ್ ಮೇಲೆ ನಿಲ್ಲೋದು."

"ಯಾಕೆ? ನಮ್ಮನೇಲಿ ತೊಟ್ಟಿಲಿಲ್ವಾ?" ಅಂದ ಗೋಪಾಲಪ್ಪ.

"ಅದರ ಮೂಲೆ ಬಿಟ್ಕೊಂಡಿದೆಯಲ್ಲಪ್ಪ."

"ಬಿಟ್ಕೊಂಡಿದ್ರೆ ಕೂಡಿಸ್ತೀನಿ."

ಲಕ್ಷ್ಮೀದೇವಮ್ಮ ಅವರೆಕಾಳು ಸಾರು ಬಡಿಸಿದಳು. ಸಾಕು ಅಂದವರ ತಟ್ಟೆಗೂ ಬಡಿಸಿದಳು.

"ಏನು, ಎಲ್ಲಾರೂ ಬಾಯಿಗೆ ಗಮ್ ಹಾಕ್ಕೊಂಡ್ರಾ?" ಅಂದ ಗೋಪಾಲಪ್ಪ.

"ಹಂಗಲ್ಲ ಮಾವ," ಅಂದಳು ಸಿಂಧು. ಮಗು ಅವಳ ತೊಡೆಯ ಮೇಲಿತ್ತು. "ಹಳೇದು, ಮರ ಬೇರೆ. ಹುಳ ಗಿಳ ಬಿದ್ದಿರುತ್ತೆ."

"ಹಲಸಿನ ಮರಕ್ಕೆ ಹುಳ ಬೀಳಲ್ಲಮ್ಮ. ನೇರವಾಗಿ ಹೇಳು. ಮರ ಅಲ್ಲ, ಮಾವನ ಕೈ ಅನ್ನು."

"ನಾನು ಹಂಗಂದ್ನಾ?" ಸಿಂಧು ಗಂಡನ ಕಡೆ ನೋಡಿದಳು. "ನಾನು ಹಂಗಂದ್ನಾರೀ?"

ಕೆಂಪರಾಜು ಕೈ ತೊಳೆಯಲು ಎದ್ದ. ಎದ್ದವನು ಅಲ್ಲೇ ನಿಂತ. "ಸರಿ. ನೀನು ಮಾಡು. ನಾನು ಮೊದಲು ತೂಕ ಹಾಕಿ ನೋಡ್ತೀನಿ. ಅಲ್ಲಾಡಿದ್ರೆ ಹೊಸದೇ."

"ಅಲ್ಲಾಡಿದ್ರೆ ಈ ಮನೇಲಿ ನಾನು ಇನ್ನೊಂದು ತಿರುಪು ಮುಟ್ಟಲ್ಲ," ಅಂದ ಗೋಪಾಲಪ್ಪ.

ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಸಿಂಧು ಅತ್ತೆಗೆ ಮೆಲ್ಲಗೆ ಹೇಳಿದಳು, "ಅತ್ತೆ, ನನಗೂ ಮಾವನ್ನ ನೋಡಿದ್ರೆ ಅಯ್ಯೋ ಅನ್ಸುತ್ತೆ. ಆದರೆ ಶಾಕ್ ಹೊಡೆದದ್ದು ನನಗಲ್ವಾ?"

"ಅದು ವೈರಿಂದ ಆಗಿದ್ದು ಕಣಮ್ಮ."

"ವೈರು ಹಾಕಿದ್ದು ಯಾರು?"

ಲಕ್ಷ್ಮೀದೇವಮ್ಮ ತೊಳೆದ ತಟ್ಟೆಯನ್ನೇ ಇನ್ನೊಂದು ಸಲ ತೊಳೆದಳು.

ಎರಡು ದಿನ ಬಿಟ್ಟು ಗೋಪಾಲಪ್ಪ ಮಗಳನ್ನು ಕರೆದುಕೊಂಡು ಶೇರ್ ಆಟೋದಲ್ಲಿ ದಾಬಸ್‌ಪೇಟೆಗೆ ಹೋದ. ಗಡ್ಡ ಹೆರೆಸಿಕೊಂಡು, ಇಸ್ತ್ರಿ ಶರಟು ಹಾಕಿಕೊಂಡಿದ್ದ. ನಜೀಬುಲ್ಲಾನ ಹಾರ್ಡ್‌ವೇರ್ ಅಂಗಡಿಗೆ ಫ್ಯಾಕ್ಟರಿಯ ಕಾಲದಿಂದಲೂ ಅವನ ಬಳಕೆ.

"ಏನು ಗೋಪಾಲಣ್ಣ, ಈ ಕಡೆ ಬರೋದೇ ಬಿಟ್ರಿ. ಕೈ ಹೆಂಗಿದೆ?"

"ಅದು ಅದರ ಪಾಡಿಗೆ ಕುಣೀತಾ ಇದೆ. ಒಂದು ಸ್ಕ್ರೂಡ್ರೈವರ್ ತೋರ್ಸಿ ನಜೀಬ್ ಭಾಯ್. ತುದಿಯ ಬಿಟ್ ಬದಲಾಯಿಸೋ ಅಂಥದ್ದು."

ನಜೀಬುಲ್ಲಾ ದೊಡ್ಡ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಸಾಲಾಗಿ ಬಿಟ್‌ಗಳು ಹೊಳೆದವು. "ಇದರಲ್ಲಿ ಇಲ್ದೇ ಇರೋ ಬಿಟ್ಟೇ ಇಲ್ಲ. ಮೊಬೈಲಿಂದ ಹಿಡಿದು ಟ್ರ್ಯಾಕ್ಟರ್ ತನಕ."

"ಟ್ರ್ಯಾಕ್ಟರ್ ಇಟ್ಕೊಂಡೋನು ಈ ಡಬ್ಬಿ ಯಾಕೆ ತಗೊಳ್ತಾನೆ? ಮನೇಲಿ ಬೇಕಾಗೋದು ಎರಡು ಸ್ಟಾರು, ಎರಡು ಚಪ್ಪಟೆ. ಮಿಕ್ಕಿದ್ದೆಲ್ಲಾ ಕಳೆದುಹೋಗೋಕೆ."

ಆದರೂ ಅದರ ಹಿಡಿಕೆಯನ್ನು ಕೈಗೆ ತೆಗೆದುಕೊಂಡ. ಸಣ್ಣ, ನುಣುಪಾದ ಹಿಡಿಕೆ. ತುದಿ ಗಾಜಿನ ಕೌಂಟರಿಗೆ ತಾಗಿ ಟಿಕ್ ಟಿಕ್ ಟಿಕ್ ಅಂತ ಸದ್ದು ಮಾಡಿತು. ಗೋಪಾಲಪ್ಪ ಬೇಗ ಕೆಳಗಿಟ್ಟ. "ಹಿಡಿಕೆ ಜಾರುತ್ತೆ," ಅಂದ. ಶಶಿರೇಖಾ ರಸ್ತೆಯ ಕಡೆ ನೋಡಿದಳು.

ನಜೀಬುಲ್ಲಾನೂ ಏನೂ ಕೇಳಿಸದವನಂತೆ ಒಳಗೆ ಹೋಗಿ ಇನ್ನೊಂದನ್ನು ತಂದ. ಗಿಡ್ಡನೆಯದು, ದಪ್ಪ ರಬ್ಬರ್ ಹಿಡಿಕೆಯದು. ಇಡೀ ಮುಷ್ಟಿ ತುಂಬುತ್ತಿತ್ತು. ಹಿಡಿಕೆಯ ಹಿಂಬದಿಯ ಮುಚ್ಚಳ ತಿರುಗಿಸಿದರೆ ಬಿಟ್‌ಗಳು ಅದರ ಹೊಟ್ಟೆಯಲ್ಲೇ ಇದ್ದವು. ತುದಿಯಲ್ಲಿ ಅಯಸ್ಕಾಂತ. ತಿರುಪು ತಾನಾಗಿ ಹೋಗಿ ಕಚ್ಚಿಕೊಂಡಿತು.

"ಕೈ ಎತ್ತಿ ಎತ್ತಿ ಹಿಡಿಯೋ ಕಷ್ಟ ಇಲ್ಲ. ಹಿಂದಕ್ಕೆ ಮುಂದಕ್ಕೆ ಆಡಿಸ್ತಾ ಇದ್ರೆ ತಾನೇ ಇಳೀತಾ ಹೋಗುತ್ತೆ. ಈ ಹಲಗೆಗೆ ಹಾಕಿ ನೋಡಿ."

ಗೋಪಾಲಪ್ಪ ಮುಷ್ಟಿ ಬಿಗಿ ಹಿಡಿದು ಒತ್ತಿದ. ಕೈ ನಡುಗಿತು. ಆದರೆ ತಿರುಪು ಬೀಳಲಿಲ್ಲ, ತುದಿ ಜಾರಲಿಲ್ಲ. ಕರ್ ಕರ್ ಅನ್ನುತ್ತ ಹಲಗೆಯೊಳಕ್ಕೆ ಇಳಿಯಿತು. ತಲೆ ಮಟ್ಟಸವಾಗಿ ಕೂತಾಗ ಅದರ ಮೇಲೆ ಹೆಬ್ಬೆರಳು ಆಡಿಸಿದ. ಶಶಿರೇಖಾ ಅಪ್ಪನ ಮುಖದಲ್ಲಿ ಅಂಥ ನಗು ನೋಡಿ ಬಹಳ ದಿನವಾಗಿತ್ತು. "ಹಂಗೇ ಒಂದು ಗಮ್ಮೂ ಕೊಡಿ," ಅಂದ ಗೋಪಾಲಪ್ಪ.

"ಗಮ್ಮು?" ಅಂದ ನಜೀಬುಲ್ಲಾ. "ಯಾವುದಕ್ಕೆ?"

"ತೊಟ್ಟಿಲಿಗೆ. ಮೂಲೇಲಿ ತಿರುಪಿನ ತೂತು ಸಡಿಲ ಆಗಿದೆ. ಬೆಂಕಿಕಡ್ಡಿ ತುಂಬಿ, ಗಮ್ ಹಾಕಿ, ಮೇಲೆ ತಿರುಪು ಇಳಿಸ್ತೀನಿ."

"ಹಂಗಾದ್ರೆ ಆ ಚಿಟಿಕೆ ಹೊಡೆಯೋದ್ರಲ್ಲಿ ಅಂಟೋ ಸಣ್ಣ ಟ್ಯೂಬು ಬೇಡ. ಅದು ಆಟದ ಸಾಮಾನಿಗೆ ಸರಿ, ತೂಗೋ ವಸ್ತುಗೆ ಆಗಲ್ಲ. ಬಿಳಿ ಗಮ್ಮು ಬಿಗಿ ಜೋಡಣೆಗೆ. ನಿಮಗೆ ಈ ಎರಡು ಟ್ಯೂಬಿಂದೇ ಸರಿ. ಎರಡೂ ಸಮಸಮ ಕಲಸಿ ಹಾಕಿ, ಎರಡು ದಿನ ಮುಟ್ಟಬೇಡಿ. ಕಲ್ಲಾಗುತ್ತೆ." ಆಮೇಲೆ ಬೆರಳೆತ್ತಿದ. "ಆದರೆ ಹಳೇ ತೊಟ್ಟಿಲು, ಎಣ್ಣೆ ಕುಡಿದಿರುತ್ತೆ. ಉಜ್ಜಿ, ತಿನ್ನರ್ ಹಾಕಿ ಒರೆಸಿ, ಒಣಗಿಸಿ. ಎಣ್ಣೆ ಇದ್ರೆ ಯಾವ ಗಮ್ಮೂ ಹಿಡಿಯಲ್ಲ."

"ಅದು ನನಗೆ ಗೊತ್ತಿಲ್ವಾ ಭಾಯ್?" ಅಂದ ಗೋಪಾಲಪ್ಪ.

ಆ ವಾರವೆಲ್ಲ ಅವನು ವರಾಂಡದಲ್ಲಿ ಚಾಪೆ ಹಾಸಿಕೊಂಡು ತೊಟ್ಟಿಲು ಬಿಚ್ಚಿಕೊಂಡು ಕೂತ. ಉಪ್ಪುಕಾಗದದಿಂದ ಉಜ್ಜಿದ. ತೂತುಗಳಿಗೆ ತಿನ್ನರ್ ಅದ್ದಿದ ಬಟ್ಟೆ ತುರುಕಿ ತಿರುಗಿಸಿ ತೆಗೆದ. ಬಟ್ಟೆ ಕಪ್ಪಗೆ ಬರುತ್ತಿತ್ತು. ಬಿಳಿಯಾಗಿ ಬರುವ ತನಕ ಬಿಡಲಿಲ್ಲ. ತುಂಡುಗಳನ್ನು ಬಿಸಿಲಿಗೆ ಇಟ್ಟ, ಬಿಸಿಲು ಸರಿದ ಕಡೆಗೆ ತಾನೂ ಸರಿಸಿದ. ಕಾಫಿಗೆ ಕರೆದರೆ "ಬಂದೆ" ಅಂದು ಬರುತ್ತಿರಲಿಲ್ಲ. ಶಶಿರೇಖಾ ಲೋಟವನ್ನು ಅಲ್ಲಿಗೇ ತಂದಿಡುತ್ತಿದ್ದಳು, ಅರ್ಧ ತುಂಬಿಸಿ, ಚೆಲ್ಲದ ಹಾಗೆ.

"ಏನಯ್ಯ, ಮೊಮ್ಮಗನಿಗೆ ರಥ ಕಟ್ತಿದ್ದೀಯಾ?" ಅಪ್ಪಯ್ಯಣ್ಣ ಗೇಟಿನಿಂದ ಕೇಳಿದ.

"ಮೊಮ್ಮಗಳು ಕಣಯ್ಯ. ಇನ್ನೊಂದು ಕನ್ನಡಕ ಮಾಡಿಸ್ಕೊ."

ಗಮ್ ಹಾಕುವ ದಿನ ಬೆಳಿಗ್ಗೆ ಲಕ್ಷ್ಮೀದೇವಮ್ಮ ಎಲ್ಲರಿಗಿಂತ ಮೊದಲು ಎದ್ದಳು. ತಲೆಗೆ ಸ್ನಾನ ಮಾಡಿ, ಮಗುವಿನ ನೆತ್ತಿಗೆ ಹಾಕಲು ಹರಳೆಣ್ಣೆ ಬೆಚ್ಚಗೆ ಮಾಡಿದಳು. ಹೊರಗೆ ಬಂದಾಗ ಚಾಪೆಯ ಮೇಲೆ ತೊಟ್ಟಿಲಿನ ತುಂಡುಗಳು ಬೋಳಾಗಿ, ಬಿಳಿಚಿಕೊಂಡು ಬಿದ್ದಿದ್ದವು. ಅವಳಿಗೆ ನೋಡಲಾಗಲಿಲ್ಲ. ತೊಟ್ಟಿಲಿಗೆ ಕಬ್ಬಿಣ ಸೋಕಿಸುವ ಮುಂಚೆ ಎಣ್ಣೆ ಸೋಕಿಸಬೇಕು, ಒಣಮರಕ್ಕೆ ಕಬ್ಬಿಣ ಇಳಿದರೆ ಮಗುವಿಗೆ ನೋವು ಅಂತ ಅವಳ ಅತ್ತೆ ಹೇಳುತ್ತಿದ್ದರು. ಕೆಂಪರಾಜು ಹುಟ್ಟಿದಾಗ, ಶಶಿರೇಖಾ ಹುಟ್ಟಿದಾಗ ಅತ್ತೆಯೇ ಹಾಕಿದ್ದರು. ಈಗ ಹಾಕಬೇಕಾದವಳು ಅವಳೇ.

ಮೇಲೆಲ್ಲ ಸವರಿದರೆ ಗಂಡ ರೇಗಬಹುದು ಅನ್ನಿಸಿತು. ಅವನು ಉಜ್ಜಿದ್ದು ಹಾಳಾಗಬಾರದು. ಕಬ್ಬಿಣ ಇಳಿಯುವುದು ತೂತಿನೊಳಕ್ಕೆ ತಾನೇ. ಹತ್ತಿಯ ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ, ಒಂದೊಂದು ತೂತಿನೊಳಗೂ ಇಟ್ಟು ತಿರುಗಿಸಿ ತೆಗೆದಳು. ಅಂಚಿಗೆ ಬಂದದ್ದನ್ನು ಸೆರಗಿನಿಂದ ಒರೆಸಿದಳು. "ಅವರ ಕೈ ನಡುಗದೇ ಇರಲಿ ತಾಯೀ," ಅಂದು ಕೈ ಮುಗಿದಳು. ಅಂಗಡಿಯಲ್ಲಿ ನಡೆದ ಮಾತು ಅವಳಿಗೆ ಯಾರೂ ಹೇಳಿರಲಿಲ್ಲ. ಗೋಪಾಲಪ್ಪ ಕೆಲಸದ ಮಾತನ್ನು ಹೆಂಡತಿಗೆ ಯಾವತ್ತೂ ಹೇಳಿದವನಲ್ಲ. ಅವಳೂ ಕೇಳಿದವಳಲ್ಲ.

ತಿಂಡಿಯಾದ ಮೇಲೆ ಶಶಿರೇಖಾ ಎರಡು ಟ್ಯೂಬನ್ನೂ ಹಳೇ ಕ್ಯಾಲೆಂಡರಿನ ರಟ್ಟಿನ ಮೇಲೆ ಹಿಂಡಿ, ಕಡ್ಡಿಯಿಂದ ಕಲಸಿದಳು. ಗೋಪಾಲಪ್ಪ ತಲೆ ಮುರಿದ ಬೆಂಕಿಕಡ್ಡಿಗಳನ್ನು ಅದರಲ್ಲಿ ಹೊರಳಿಸಿ ತೂತಿಗೆ ತುಂಬಿದ. ಅವನ ಬೆರಳ ತುದಿಗೆ ಈಚೆಗೆ ಸ್ಪರ್ಶವೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಹರಳೆಣ್ಣೆಯ ವಾಸನೆ ಬಂದರೂ ಬಾಣಂತಿ, ಕೂಸು ಇರುವ ಮನೆಯಲ್ಲಿ ಅದು ಎಲ್ಲ ಕಡೆ ಇರುವಂಥದ್ದೇ. ದಪ್ಪ ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಒಂದೊಂದೇ ತಿರುಪು ಇಳಿಸಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

"ನೋಡಿದ್ಯಾ?" ಅಂದ ಮಗಳಿಗೆ. "ಒಂದೂ ಓರೆ ಇಲ್ಲ."

ನಿಜವಾಗಿಯೂ ಒಂದೂ ಓರೆಯಿರಲಿಲ್ಲ.

ಎರಡು ದಿನ ಯಾರೂ ಮುಟ್ಟಲಿಲ್ಲ. ಮೂರನೇ ದಿನ ಹಾಲ್‌ನ ಕೊಕ್ಕೆಗೆ ಸರಪಳಿ ಹಾಕಿ ತೂಗುಬಿಟ್ಟರು. ಕೆಂಪರಾಜು ರಾಗಿ ಚೀಲ ತಂದು ಒಳಗಿಟ್ಟ, ಮೂಲೆ ಮೂಲೆ ಹಿಡಿದು ಒತ್ತಿದ. ಬಿಗಿಯಾಗಿ ನಿಂತಿತ್ತು. ತೂಗಿ ಮಾತ್ರ ನೋಡಲಿಲ್ಲ.

"ಪರವಾಗಿಲ್ಲಪ್ಪ," ಅಂದ. ಹೊರಗೆ ಹೋಗಿ ಮಾವನಿಗೆ ಫೋನ್ ಮಾಡಿ ಹೊಸ ತೊಟ್ಟಿಲು ಬೇಡ ಅಂದ.

ಆ ದಿನ ಗೋಪಾಲಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಸಿಂಧು ತಾನೇ ಎದ್ದು ತುಪ್ಪ ಬಡಿಸಿದಳು.

ಸಿಂಧುವಿನ ಅಪ್ಪ ಕೊಂಡಪ್ಪ ಮತ್ತು ಅವಳ ಅಮ್ಮ ಜಡಿಗೇನಹಳ್ಳಿಯಿಂದ ಬೆಳಿಗ್ಗೆಯೇ ಬಂದರು. ತೊಟ್ಟಿಲಿಗೆ ಸೇವಂತಿಗೆ ಸುತ್ತಿದ್ದರು. ಕೆಳಗೆ ಮೆತ್ತಗಿನ ಹಳೇ ಸೀರೆ ಹಾಸಿದ್ದರು. ಮಗುವಿಗೆ ಮುಂಚೆ ಗುಂಡುಕಲ್ಲನ್ನು ಮಲಗಿಸುವುದು ಎಲ್ಲ ಮನೆಯಲ್ಲೂ ಇರುವ ಶಾಸ್ತ್ರ. ಲಕ್ಷ್ಮೀದೇವಮ್ಮ ರುಬ್ಬುವ ಗುಂಡನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಮಗುವಿನ ಕುಲಾವಿ ತೊಡಿಸಿ, ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು.

"ಕಲ್ಲಿನಂಗೆ ಗಟ್ಟಿಯಾಗಿ ಬಾಳಲಿ," ಅಂದರು ಬೀಗಿತ್ತಿ.

"ತೂಗಿ, ತೂಗಿ," ಅಂದ ಗೋಪಾಲಪ್ಪ. ಗೋಡೆಗೆ ಒರಗಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಿದ್ದ.

ಸಿಂಧು ತೂಗಿದಳು. ತೊಟ್ಟಿಲು ಅತ್ತ ಹೋಗಿ ಇತ್ತ ಬಂತು. ಇನ್ನೊಂದು ಸಲ ಅತ್ತ ಹೋದಾಗ ಟಕ್ ಅಂತ ಒಂದು ಸದ್ದು. ಮೂಲೆ ಬಾಯಿ ಬಿಟ್ಟಿತು. ಹಲಗೆ ವಾಲಿತು. ಕುಲಾವಿ ತೊಟ್ಟ ಗುಂಡುಕಲ್ಲು ಜಾರಿ ನೆಲಕ್ಕೆ ಬಿತ್ತು. ಟೈಲ್ಸು ಬಿರುಕು ಬಿಟ್ಟಿತು.

ಮಗು ಬೀಗಿತ್ತಿಯ ತೋಳಲ್ಲಿತ್ತು. ಸದ್ದಿಗೆ ಬೆಚ್ಚಿ ಅತ್ತಿತು. ಸಿಂಧು ಓಡಿ ಹೋಗಿ ಅದನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು.

"ಕಲ್ಲು ಹಾಕಿದ್ದೇ ಒಳ್ಳೇದಾಯ್ತು," ಬೀಗಿತ್ತಿ ಅಂದರು. "ನಮ್ಮ ಕೂಸು ಇದ್ದಿದ್ರೆ?"

"ನಾನು ಹೇಳ್ದೆ," ಸಿಂಧು ಅಳುತ್ತ ಗಂಡನಿಗೆ ಅಂದಳು. "ನಾನು ಆವತ್ತೇ ಹೇಳ್ದೆ."

ಕೊಂಡಪ್ಪ ತಟ್ಟನೆ ಎದ್ದ. ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ ಯಾರಿಗೋ ಫೋನ್ ಮಾಡತೊಡಗಿದ. ಸ್ಟೀಲು, ಸ್ಟ್ಯಾಂಡು ಅನ್ನುವ ಮಾತುಗಳು ಕಿಟಕಿಯಿಂದ ಕೇಳಿದವು.

"ಸಾಕಪ್ಪ," ಕೆಂಪರಾಜು ಹೇಳಿದ. ದನಿ ಎತ್ತಲಿಲ್ಲ. "ಇನ್ನು ಸಾಕು."

ಗೋಪಾಲಪ್ಪ ಯಾರ ಮೇಲೂ ರೇಗಲಿಲ್ಲ. ತನ್ನ ಬಲಗೈಯನ್ನು ಬೇರೆ ಯಾರದೋ ಅನ್ನುವಂತೆ ನೋಡಿದ. "ಹೂಂ," ಅಂದ. "ಕೈ."

ಬೀಗರು ಪಾಯಸ ಮುಟ್ಟಿ ಎದ್ದರು. ಆಮೇಲೆ ಶಶಿರೇಖಾ ನೆಲ ಗುಡಿಸುವಾಗ ಮೂಲೆಯಿಂದ ಕಿತ್ತು ಬಂದ ತಿರುಪು ಸಿಕ್ಕಿತು. ಬೆಂಕಿಕಡ್ಡಿ, ಗಮ್ಮು ಎಲ್ಲ ತಿರುಪಿನ ಸುತ್ತ ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೆ ಮರಕ್ಕೆ ಒಂಚೂರೂ ಅಂಟದೆ, ಬಾಟಲಿಯ ಬಿರಡೆಯಂತೆ ಇಡಿಯಾಗಿ ಹೊರಗೆ ಬಂದಿತ್ತು. ಮೇಲೆ ಜಿಡ್ಡು. ಅವಳು ಮೂಸಿ ನೋಡಿದಳು. ತಿರುಪನ್ನು ಮುಷ್ಟಿಯಲ್ಲಿ ಹಿಡಿದು ಹಿತ್ತಲಿಗೆ ಹೋದಳು.

"ಅಮ್ಮ, ತೂತಿಗೆ ಎಣ್ಣೆ ಹಾಕಿದ್ಯಾ?"

"ಶಾಸ್ತ್ರಕ್ಕೆ ಒಂದು ಬತ್ತಿ ಹಾಕ್ದೆ. ಯಾಕೆ?"

"ಎಣ್ಣೆ ಇದ್ರೆ ಗಮ್ ಹಿಡಿಯಲ್ಲಮ್ಮ. ಅಂಗಡೀಲಿ ಅಪ್ಪಂಗೆ ಹೇಳಿದ್ರು."

ಲಕ್ಷ್ಮೀದೇವಮ್ಮನ ಕೈಯಲ್ಲಿದ್ದ ಪಾತ್ರೆ ಕಲ್ಲಿನ ಮೇಲೆ ಕೂತಿತು. "ನನಗ್ಯಾರು ಹೇಳಿದ್ರು?" ಅಂದಳು. ಮತ್ತೆ ಅಂದಳು, "ನನಗ್ಯಾರು ಹೇಳಿದ್ರು ಶಶಿ?"

"ಅಪ್ಪಂಗೆ ಹೇಳೋಣ. ಅವರ ಕೈಯಿಂದ ಅಲ್ಲ ಅಂತ ಗೊತ್ತಾಗ್ಲಿ."

"ಗೊತ್ತಾದ್ರೆ ಎಲ್ಲಾರಿಗೂ ಗೊತ್ತಾಗುತ್ತೆ. ಸಿಂಧು ಆಮೇಲೆ ಮಗೂನ ನನ್ನ ಕೈಗೆ ಕೊಡ್ತಾಳಾ? ಅದರ ನೆತ್ತಿಗೆ ನನ್ನ ಎಣ್ಣೆ ಹಾಕಿಸ್ತಾಳಾ?" ಲಕ್ಷ್ಮೀದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನೇ ಹೇಳ್ತೀನಿ. ಸ್ವಲ್ಪ ದಿನ ತಡಿಯವ್ವ."

ಆ ವಾರದಲ್ಲೇ ಸ್ಟೀಲ್ ತೊಟ್ಟಿಲು ಬಂತು. ಹಳೆಯದು ಮತ್ತೆ ಅಟ್ಟ ಹತ್ತಿತು. ಕೆಂಪರಾಜು ಸ್ಕ್ರೂಡ್ರೈವರನ್ನು ಬೀರುವಿನ ಮೇಲಿಟ್ಟ. ಇಡಬೇಡ ಅಂತ ಗೋಪಾಲಪ್ಪ ಅನ್ನಲಿಲ್ಲ. ವರಾಂಡದ ಚಾಪೆ ಸುತ್ತಿಟ್ಟು, ಹಾಲ್‌ನ ಕುರ್ಚಿಯಲ್ಲಿ ಕೂರತೊಡಗಿದ. ಅಪ್ಪಯ್ಯಣ್ಣ ಒಂದು ದಿನ ಬೇಕೆಂದೇ ಒಂದು ಹಳೇ ಟಾರ್ಚ್ ತಂದ.

"ಸ್ವಲ್ಪ ನೋಡಯ್ಯ ಇದನ್ನ."

"ಅಂಗಡಿಗೆ ಕೊಡು," ಅಂದ ಗೋಪಾಲಪ್ಪ.

"ಓರೆ ಆದ್ರೂ ಪರವಾಗಿಲ್ಲ ಕಣೋ."

"ಅಂಗಡಿಗೆ ಕೊಡು ಅಂದ್ನಲ್ಲ."

ಲಕ್ಷ್ಮೀದೇವಮ್ಮನ ಸ್ವಲ್ಪ ದಿನವೂ ಮುಗಿಯಲಿಲ್ಲ. ದಿನಾ ಬೆಳಿಗ್ಗೆ ಕಾಲು ನೀಡಿ ಕೂತು ಮೊಮ್ಮಗಳನ್ನು ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದಳು. ಮಗು ನಗುತ್ತಿತ್ತು. ಅವಳು ಗಂಡನ ಕಡೆ ನೋಡುತ್ತಿದ್ದಳು, ಮತ್ತೆ ಮಗುವಿನ ಕಡೆ ನೋಡುತ್ತಿದ್ದಳು.

ಒಂದು ಸಂಜೆ ಶಶಿರೇಖಾಗೇ ತಡೆಯಲಾಗಲಿಲ್ಲ. ಅಪ್ಪನಿಗೆ ಕಾಫಿ ಕೊಟ್ಟು ಅಲ್ಲೇ ನಿಂತಳು.

"ಅಪ್ಪ, ಆವತ್ತು ನಿನ್ನ ಕೈಯಿಂದ ಆಗಿದ್ದಲ್ಲ. ತೂತಲ್ಲಿ ಎಣ್ಣೆ ಇತ್ತು."

"ಎಲ್ಲಿಂದ ಬಂತು? ಬಟ್ಟೆ ಬಿಳಿ ಆಗೋ ತನಕ ತೊಳೆದಿದ್ದೀನಿ."

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸದ್ದು ನಿಂತಿತು. ಶಶಿರೇಖಾ ಆ ಕಡೆ ನೋಡಿದಳು. ಅಮ್ಮನ ಬೆನ್ನು ಕಾಣುತ್ತಿತ್ತು.

"ಇತ್ತು ಅಪ್ಪ," ಅಂದಳು.

"ಸಮಾಧಾನ ಹೇಳೋಕೆ ಬರಬೇಡ ಕಣವ್ವ," ಗೋಪಾಲಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದ. "ಸುಳ್ಳು ಹೇಳಿ ಅಭ್ಯಾಸ ಇಲ್ಲ ನಿನಗೆ. ಮುಖದಲ್ಲೇ ಗೊತ್ತಾಗುತ್ತೆ."

ತರಕಾರಿ ಹೆಚ್ಚುವ ಸದ್ದು ಮತ್ತೆ ಶುರುವಾಯಿತು.

ಆಮೇಲೆ ಕುಕ್ಕರಿನ ಹಿಡಿಕೆ ಮತ್ತೆ ಸಡಿಲವಾಯಿತು. ಶಶಿರೇಖಾ ಹಾಲ್‌ನಲ್ಲೇ, ಅಪ್ಪನ ಎದುರೇ ಕೂತು ಚಾಕುವಿನಿಂದ ಬಿಗಿ ಮಾಡಿದಳು. ಟವೆಲ್ ಬೇಕಾಗಲಿಲ್ಲ. ಚಾಕು ಜಾರಿ ಕರಕರ ಅಂದರೂ ಗೋಪಾಲಪ್ಪ ತಿರುಗಿ ನೋಡಲಿಲ್ಲ.

ಸ್ಟೀಲ್ ತೊಟ್ಟಿಲು ಬಂದು ತಿಂಗಳಾಗುವ ಹೊತ್ತಿಗೆ ಅದರ ಸ್ಟ್ಯಾಂಡಿನ ಒಂದು ತಿರುಪು ಸಡಿಲವಾಯಿತು. ತೂಗಿದಾಗಲೆಲ್ಲ ಕಿರ್ ಅನ್ನುತ್ತಿತ್ತು. ಮಗು ಕಣ್ಣು ಮುಚ್ಚುವುದು, ಕಿರ್ ಅಂದಾಗ ಬಿಡುವುದು. ಕೆಂಪರಾಜು ಸೆಕೆಂಡ್ ಶಿಫ್ಟಿಗೆ ಹೋಗಿದ್ದ. ಲಕ್ಷ್ಮೀದೇವಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಶಶಿರೇಖಾ ಬಟ್ಟೆ ಮಡಿಸುತ್ತಿದ್ದಳು. ಗೋಪಾಲಪ್ಪ ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಸಿಂಧು ಸ್ವಲ್ಪ ಹೊತ್ತು ಮಾವನನ್ನೇ ನೋಡಿದಳು. ಆಮೇಲೆ ಸ್ಟೂಲ್ ಹಾಕಿಕೊಂಡು ಬೀರುವಿನ ಮೇಲಿಂದ ದಪ್ಪ ಹಿಡಿಕೆಯ ಸ್ಕ್ರೂಡ್ರೈವರ್ ಇಳಿಸಿದಳು. ಧೂಳನ್ನು ತನ್ನ ನೈಟಿಗೇ ಒರೆಸಿ, ಮಾವನ ಪಕ್ಕದ ಟೀಪಾಯಿಯ ಮೇಲಿಟ್ಟಳು.

"ಮಾವ," ಅಂದಳು, "ಆ ತಿರುಪು ಒಂಚೂರು ಬಿಗಿ ಮಾಡ್ಕೊಡ್ತೀರಾ?"

ಲಕ್ಷ್ಮೀದೇವಮ್ಮನ ಕೈ ಮೊರದ ಮೇಲೆ ನಿಂತಿತು. ಶಶಿರೇಖಾ ಅಮ್ಮನನ್ನು ನೋಡಿದಳು. ಗೋಪಾಲಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ತೊಟ್ಟಿಲು ಕಿರ್ ಅಂದಿತು.

"ಮಾವ, ಬಿಗಿ ಮಾಡ್ಕೊಡ್ತೀರಾ?"